ಹಾವು ಕಡಿತದ ಚಿಕಿತ್ಸೆ: ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ನರ್ಸ್‌ಗಳಿಗೆ ಒಂದು ದಿನದ ತರಬೇತಿ ನಡೆಸುವುದು ಹೇಗೆ?

ತರಬೇತಿ ಆಗುತ್ತದೆ, ಹಾಜರಾತಿಗೆ ಸಹಿ ಬೀಳುತ್ತದೆ, ಊಟ ಮುಗಿಸಿ ಎಲ್ಲರೂ ಬಸ್ ಹತ್ತುತ್ತಾರೆ. ಮಳೆಗಾಲದ ಒಂದು ರಾತ್ರಿ ತೋಟದ ಲೈನ್‌ಮನೆಯಿಂದ ಹಾವು ಕಡಿದವರನ್ನು ಜೀಪಿನಲ್ಲಿ ಕರೆತಂದಾಗ, ಅದೇ ತರಬೇತಿಗೆ ಬಂದಿದ್ದ ನರ್ಸ್ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಮುಟ್ಟದೆ ಇಡಬೇಕಾದ ರಕ್ತವನ್ನು ಪ್ಲಾಸ್ಟಿಕ್ ಟ್ಯೂಬಿಗೆ ಹಾಕುತ್ತಾರೆ. ಎಂಟನೇ ನಿಮಿಷಕ್ಕೇ ಅದನ್ನೆತ್ತಿ ಅಲ್ಲಾಡಿಸಿ ನೋಡುತ್ತಾರೆ. ಕಲಿಯುವ ಮನಸ್ಸು ಅವರಿಗಿರಲಿಲ್ಲ ಎಂದು ಹೇಳುವಂತಿಲ್ಲ. ಅವರಿಗೆ ದಿನವಿಡೀ ಸ್ಲೈಡ್ ತೋರಿಸಿದ್ದರು, ಗಾಜಿನ ಟ್ಯೂಬನ್ನು ಒಮ್ಮೆಯೂ ಕೈಗೆ ಕೊಟ್ಟಿರಲಿಲ್ಲ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತಾಲ್ಲೂಕು ಮಟ್ಟದ ತರಬೇತಿ ನಡೆಸುವ ವೈದ್ಯಾಧಿಕಾರಿಗಳು, ಹಿರಿಯ ಶುಶ್ರೂಷಾಧಿಕಾರಿಗಳು ಮತ್ತು ನರ್ಸಿಂಗ್ ಕಾಲೇಜಿನ ಬೋಧಕರಿಗಾಗಿ ಈ ಮಾರ್ಗದರ್ಶಿ. ವಿಷಯ ಹಾವು ಕಡಿತದ್ದಾದರೂ ನವಜಾತ ಶಿಶುವಿನ ಆರೈಕೆ, ಹೆರಿಗೆ ನಂತರದ ರಕ್ತಸ್ರಾವದಂಥ ತರಬೇತಿಗಳಿಗೂ ಇದೇ ಕ್ರಮ ನಡೆಯುತ್ತದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಹೆಚ್ಚಿನ ತರಬೇತಿಗಳು ಕೆಡುವುದು ಐದನೇ ಹಂತದಿಂದ ಶುರು ಮಾಡುವುದರಿಂದಲೇ.

ಹಂತ 1: ಇದು ತರಬೇತಿಯಿಂದ ಸರಿಹೋಗುವ ತೊಂದರೆಯೇ?

ದಿನಾಂಕ ಗೊತ್ತು ಮಾಡುವ ಮೊದಲು ಮೂರು ಪಿಎಚ್‌ಸಿಗೆ ಹೋಗಿ ಬನ್ನಿ. ಒಂದು ರಸ್ತೆ ಬದಿಯದಿರಲಿ, ಒಂದು ಒಳಗಿನದಿರಲಿ, ಒಂದು ರಾತ್ರಿ ಪಾಳಿ ಇರುವಂಥದ್ದಿರಲಿ. ಹೋದಲ್ಲಿ ಭಾಷಣ ಬೇಡ. ತುರ್ತು ಟ್ರೇ ತೆರೆಸಿ, ಫ್ರಿಜ್ ನೋಡಿ, ನಾಲ್ಕು ಪ್ರಶ್ನೆ ಕೇಳಿ: ಗಾಜಿನ ಟೆಸ್ಟ್ ಟ್ಯೂಬ್ ಎಲ್ಲಿದೆ? ಅಡ್ರಿನಲಿನ್ (ತೀವ್ರ ಅಲರ್ಜಿ ರಿಯಾಕ್ಷನ್‌ಗೆ ಕೊಡುವ ಔಷಧ) ಎಷ್ಟು ಆಂಪೂಲ್ ಇದೆ, ಅವಧಿ ಯಾವಾಗ ಮುಗಿಯುತ್ತದೆ? ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಎಷ್ಟು ವಯಲ್ ಇದೆ? ರಾತ್ರಿ ನಿಮ್ಮ ಜೊತೆ ಯಾರಿರುತ್ತಾರೆ?

ಗಾಜಿನ ಟ್ಯೂಬೇ ಇಲ್ಲದ ಕಡೆ 20 ನಿಮಿಷದ ರಕ್ತ ಪರೀಕ್ಷೆ (ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವುದು) ಕಲಿಸಿದರೆ ಕಲಿತದ್ದು ವಾರದೊಳಗೆ ಮರೆತುಹೋಗುತ್ತದೆ. ಅದು ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ಸರಿಪಡಿಸಬೇಕಾದ ತೊಂದರೆ. ನಿಮ್ಮ ಪಟ್ಟಿಯನ್ನು ಎರಡು ಮಾಡಿಕೊಳ್ಳಿ. ಸಾಮಾನಿಲ್ಲದ್ದರಿಂದ, ಸಿಬ್ಬಂದಿಯಿಲ್ಲದ್ದರಿಂದ ಆಗದಿರುವುದನ್ನು ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ) ಮೇಜಿಗೆ ಕಳಿಸಿ. ಎಲ್ಲ ಇದ್ದೂ ಕೈ ಓಡದಿರುವುದನ್ನು ಮಾತ್ರ ತರಬೇತಿಗೆ ಇಟ್ಟುಕೊಳ್ಳಿ.

ಹಾವು ಕಡಿತದ ಹಳೆಯ ಕೇಸ್ ಶೀಟ್‌ಗಳು ಸಿಕ್ಕರೆ ಬಂದ ಸಮಯ, ಮೊದಲ ಎಎಸ್‌ವಿ ಶುರುವಾದ ಸಮಯ, ರೆಫರ್ ಮಾಡಿದ ಸಮಯ ಈ ಮೂರನ್ನೇ ಬರೆದುಕೊಳ್ಳಿ. ಎಲ್ಲಿ ತಡವಾಗುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ. ರೋಗಿಯ ಹೆಸರು, ನರ್ಸ್ ಹೆಸರು ನಿಮ್ಮ ಕಾಗದದಲ್ಲಿ ಬೇಡ.

ಹಂತ 2: ಸಂಜೆಯ ಹೊತ್ತಿಗೆ ಕೈ ಏನು ಮಾಡಬೇಕು ಎಂದು ಬರೆಯಿರಿ

"ಹಾವು ಕಡಿತದ ಬಗ್ಗೆ ಅರಿವು ಮೂಡಿಸುವುದು" ಎಂಬುದನ್ನು ಗುರಿ ಎನ್ನಲಾಗದು, ಅರಿವು ಮೂಡಿತೇ ಎಂದು ಯಾರೂ ಅಳೆದು ನೋಡಲಾರರು. ಕಣ್ಣಿಗೆ ಕಾಣುವ ಕೆಲಸವನ್ನೇ ಬರೆಯಿರಿ. ಒಂದು ದಿನಕ್ಕೆ ಮೂರು ಕೆಲಸ ಸಾಕು, ನಾಲ್ಕನೆಯದನ್ನು ಸೇರಿಸಿದಿರೋ ಅಭ್ಯಾಸದ ಹೊತ್ತೇ ಕಡಿತವಾಗುತ್ತದೆ.

ನಮ್ಮ ಮೂರು ಇವು: 20 ನಿಮಿಷದ ರಕ್ತ ಪರೀಕ್ಷೆಯನ್ನು ತಪ್ಪಿಲ್ಲದೆ ಮಾಡಿ ಓದುವುದು, ಅಡ್ರಿನಲಿನ್ ಎಳೆದಿಟ್ಟುಕೊಂಡೇ ಎಎಸ್‌ವಿ ಕರಗಿಸಿ ಶುರು ಮಾಡಿ ರಿಯಾಕ್ಷನ್ ಕಂಡ ಒಂದು ನಿಮಿಷದೊಳಗೆ ಅಡ್ರಿನಲಿನ್ ಕೊಡುವುದು, ಉಸಿರು ಸೋಲುತ್ತಿರುವ ರೋಗಿಗೆ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿದು ಆಂಬುಲೆನ್ಸ್‌ನಲ್ಲಿ ಕರೆದೊಯ್ಯುವುದು.

ಹಾವುಗಳ ಜಾತಿ, ವಿಷದ ರಾಸಾಯನಿಕ, ಹಲ್ಲಿನ ಚಿತ್ರ ಯಾವುದೂ ಇಲ್ಲಿ ಬರಲಿಲ್ಲ. ಬೆಳಿಗ್ಗೆ ಅವಕ್ಕೆ ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಆದರೆ ಒಂದು ಮಾತನ್ನು ಬಿಡುವಂತಿಲ್ಲ. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಮಲೆನಾಡಿನ ತೋಟಗಳಲ್ಲಿ ಸಿಗುವ ಗುಳಿಮಂಡಲಗಳ ವಿಷಕ್ಕೆ ಅದನ್ನು ನೆಚ್ಚಿ ಕೂರುವಂತಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಸಿಬ್ಬಂದಿಗೆ ಇದು ಗೊತ್ತಿದ್ದರೆ ಎಎಸ್‌ವಿ ಕೊಟ್ಟ ಮೇಲೂ ರಕ್ತ ಹೆಪ್ಪುಗಟ್ಟದಿದ್ದಾಗ ಗಾಬರಿಯಾಗದೆ ಬೇಗ ರೆಫರ್ ಮಾಡುತ್ತಾರೆ.

ಹಂತ 3: ಒಂದು ಪುಟದ ಚೆಕ್‌ಲಿಸ್ಟ್

ಪ್ರತಿ ಕೆಲಸಕ್ಕೂ ಎಂಟರಿಂದ ಹತ್ತು ಸಾಲು. ಒಂದು ಸಾಲಿಗೆ ಒಂದೇ ಕ್ರಿಯೆ. "ಸರಿಯಾಗಿ ರಕ್ತ ತೆಗೆದು ಪರೀಕ್ಷಿಸಿದರು" ಎಂದು ಬರೆದರೆ ಯಾರು ಬೇಕಾದರೂ ಟಿಕ್ ಹಾಕಬಹುದು. ಹೀಗೆ ಬರೆಯಿರಿ:

1. ಒಣಗಿದ, ಸ್ವಚ್ಛ ಗಾಜಿನ ಟ್ಯೂಬ್ ತೆಗೆದುಕೊಂಡರು.
2. ರಕ್ತನಾಳದಿಂದ 2 ಮಿ.ಲೀ. ರಕ್ತ ತೆಗೆದು ಟ್ಯೂಬಿಗೆ ಹಾಕಿದರು.
3. ಟ್ಯೂಬಿನ ಮೇಲೆ ರೋಗಿಯ ಹೆಸರು, ಹಾಕಿದ ಸಮಯ ಬರೆದರು.
4. ಸ್ಟ್ಯಾಂಡಿನಲ್ಲಿ ನೇರವಾಗಿ ನಿಲ್ಲಿಸಿದರು.
5. ಮೊಬೈಲಿನಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟರು.
6. ಅಲಾರಂ ಹೊಡೆಯುವವರೆಗೆ ಮುಟ್ಟಲಿಲ್ಲ.
7. ಒಂದೇ ಸಲ ಬಾಗಿಸಿ ನೋಡಿದರು, ಅಲ್ಲಾಡಿಸಲಿಲ್ಲ.
8. ಫಲಿತಾಂಶವನ್ನು ಸಮಯದೊಂದಿಗೆ ಕೇಸ್ ಶೀಟಿನಲ್ಲಿ ಬರೆದು ವೈದ್ಯರಿಗೆ ತಿಳಿಸಿದರು.

ಸಿದ್ಧವಾದ ಪಟ್ಟಿಯನ್ನು ಆ ಕೆಲಸ ದಿನವೂ ಮಾಡುವ ಒಬ್ಬ ನರ್ಸ್ ಕೈಗೆ ಕೊಟ್ಟು, ಅದನ್ನು ಓದಿಕೊಂಡೇ ಕೆಲಸ ಮಾಡಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ. ಡೋಸ್‌ಗಳನ್ನು ನಿಮ್ಮ ಜಿಲ್ಲೆಯ ವೈದ್ಯರಿಂದ ಈಗಿನ ಸರ್ಕಾರಿ ಮಾರ್ಗಸೂಚಿಯ ಜೊತೆ ತಾಳೆ ನೋಡಿಸಿ, ಆಮೇಲೆ ಪ್ರಿಂಟ್‌ಗೆ ಕೊಡಿ. ಮೂವರು ತರಬೇತುದಾರರು ಮೂರು ಬಗೆಯ ಡೋಸ್ ಹೇಳಿದರೆ ಕಲಿಯಲು ಬಂದವರು ಮೂರನ್ನೂ ನಂಬುವುದಿಲ್ಲ.

ಹಂತ 4: ದಿನ, ಜಾಗ, ತಲೆ ಲೆಕ್ಕ

ಹಾವು ಕಡಿತದ ತರಬೇತಿ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಾಗಲಿ. ಮುಂಗಾರು ಹಿಡಿದ ಮೇಲೆ ಘಟ್ಟದ ಕಡೆಯವರನ್ನು ಕರೆಸಿದರೆ ಕರೆಂಟೂ ಇರುವುದಿಲ್ಲ, ಬಸ್ಸನ್ನೂ ನೆಚ್ಚುವಂತಿಲ್ಲ. ಗುರುವಾರ ಲಸಿಕೆ ದಿನ, 9ನೇ ತಾರೀಖು ಗರ್ಭಿಣಿಯರ ತಪಾಸಣೆ, ತಿಂಗಳ ಕೊನೆಯಲ್ಲಿ ವರದಿ. ಈ ದಿನಗಳನ್ನು ಬಿಡಿ.

ಕಳಸ, ಶೃಂಗೇರಿಯವರನ್ನು ಚಿಕ್ಕಮಗಳೂರಿಗೂ, ಹೆತ್ತೂರು, ಯಸಳೂರಿನವರನ್ನು ಹಾಸನಕ್ಕೂ ಕರೆಸಬೇಡಿ. ಬಸ್ಸಿನಲ್ಲೇ ಸುಸ್ತಾಗಿ ಬಂದವರು ಮಧ್ಯಾಹ್ನ ಮೂರಕ್ಕೆ ವಾಪಸ್ ಬಸ್ಸಿನ ಚಿಂತೆಯಲ್ಲಿರುತ್ತಾರೆ. ಮೂವರು ತರಬೇತುದಾರರು ಒಂದೇ ಕಾರಿನಲ್ಲಿ ಕೊಪ್ಪಕ್ಕೋ ಸಕಲೇಶಪುರಕ್ಕೋ ಹೋಗುವುದೇ ಸುಲಭ. ಬೆಳಿಗ್ಗೆ 10ಕ್ಕೆ ಶುರು ಮಾಡಿ, ಸಂಜೆ 4ಕ್ಕೆ ಬಿಟ್ಟುಬಿಡಿ.

ಒಂದು ತಂಡಕ್ಕೆ 18 ಜನ. ಮೂರು ಮೇಜು, ಮೇಜಿಗೆ ಆರು ಜನ, ಒಬ್ಬ ತರಬೇತುದಾರ, 45 ನಿಮಿಷ. ತೋರಿಸಲು 9 ನಿಮಿಷ ಹೋದರೆ ಉಳಿದ 36ರಲ್ಲಿ ಪ್ರತಿಯೊಬ್ಬರಿಗೂ 6 ನಿಮಿಷ ಸಿಗುತ್ತದೆ. ಮೇಜಿಗೆ ಹತ್ತು ಜನರಾದರೆ ಒಬ್ಬರಿಗೆ ಮೂರೂವರೆ ನಿಮಿಷ, ಅಷ್ಟರಲ್ಲಿ ಕೆಲಸ ಒಮ್ಮೆಯೂ ಪೂರ್ತಿಯಾಗುವುದಿಲ್ಲ. ಮೇಲಿನಿಂದ 40 ಜನರ ಪಟ್ಟಿ ಬಂದರೆ ಮೂರು ದಿನ ಕೇಳಿ. ಈ ಲೆಕ್ಕವನ್ನೇ ಪತ್ರದಲ್ಲಿ ಬರೆದು ಕಳಿಸಿದರೆ ಒಪ್ಪಿಸುವುದು ಕಷ್ಟವಾಗುವುದಿಲ್ಲ.

ರಾತ್ರಿ ಪಾಳಿ ಮುಗಿಸಿ ನೇರ ಬಂದವರನ್ನು ಕೂರಿಸಿಕೊಳ್ಳಬೇಡಿ, ಅವರಿಗೆ ಇನ್ನೊಂದು ದಿನ ಕೊಡಿ. ಪ್ರತಿ ಪಿಎಚ್‌ಸಿಯಿಂದ ಒಬ್ಬ ನರ್ಸ್ ಜೊತೆ ರಾತ್ರಿ ಇರುವ ಡಿ ಗ್ರೂಪ್ ಸಿಬ್ಬಂದಿಯೂ ಮಧ್ಯಾಹ್ನದ ಡ್ರಿಲ್‌ಗೆ ಬಂದರೆ ಬಹಳ ಒಳ್ಳೆಯದು. ನಿಜವಾದ ರಾತ್ರಿಯಲ್ಲಿ ಇರುವುದು ಆ ಇಬ್ಬರೇ.

ಹಂತ 5: ಸಾಮಾನು

ಮೊದಲ ಮೇಜಿಗೆ 12 ಗಾಜಿನ ಟ್ಯೂಬ್, ಸ್ಟ್ಯಾಂಡ್, ಮಾರ್ಕರ್, ಹೋಲಿಸಿ ತೋರಿಸಲು ಎರಡು ಪ್ಲಾಸ್ಟಿಕ್ ಟ್ಯೂಬ್. ಎರಡನೆಯದಕ್ಕೆ ಅವಧಿ ಮುಗಿದ ಎಎಸ್‌ವಿ ವಯಲ್, ಡಿಸ್ಟಿಲ್ಡ್ ವಾಟರ್, 10 ಮಿ.ಲೀ. ಮತ್ತು 1 ಮಿ.ಲೀ. ಸಿರಿಂಜು, ಅಡ್ರಿನಲಿನ್ ಆಂಪೂಲ್, ಚುಚ್ಚಿ ಕಲಿಯಲು ದಪ್ಪ ಸ್ಪಂಜು, ಬಳಸಿದ ಸೂಜಿ ಹಾಕಲು ಶಾರ್ಪ್ಸ್ ಡಬ್ಬ. ಮೂರನೆಯದಕ್ಕೆ ಅಂಬು ಬ್ಯಾಗ್, ಮೂರು ಅಳತೆಯ ಮಾಸ್ಕ್, ಮ್ಯಾನಿಕಿನ್ (ಅಭ್ಯಾಸದ ಬೊಂಬೆ). ಮ್ಯಾನಿಕಿನ್ ಕೊಳ್ಳಬೇಕಾಗಿಲ್ಲ, ಹತ್ತಿರದ ನರ್ಸಿಂಗ್ ಕಾಲೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಕಲಿಯುವವರ ರಕ್ತವನ್ನು ಅಭ್ಯಾಸಕ್ಕೆ ತೆಗೆಯಬೇಡಿ. ಹೆಪ್ಪುಗಟ್ಟಿದ, ಹೆಪ್ಪುಗಟ್ಟದ ಟ್ಯೂಬ್‌ಗಳನ್ನು ಅಡುಗೆಮನೆಯಲ್ಲೇ ತಯಾರಿಸಬಹುದು. 100 ಮಿ.ಲೀ. ನೀರಿಗೆ 1 ಗ್ರಾಂ ಚೈನಾ ಗ್ರಾಸ್ (ಅಗರ್) ಪುಡಿ ಹಾಕಿ ಪೂರ್ತಿ ಕರಗುವವರೆಗೆ ಕುದಿಸಿ. ಅಡುಗೆಯ ಕೆಂಪು ಬಣ್ಣ ಸೇರಿಸಿ, ಬಿಸಿಯಿರುವಾಗಲೇ ಆರು ಟ್ಯೂಬಿಗೆ ತಲಾ 2 ಮಿ.ಲೀ. ಹಾಕಿ ನಿಲ್ಲಿಸಿ. ತಣಿದಾಗ ಗಟ್ಟಿಯಾಗಿ, ಬಾಗಿಸಿದರೂ ಜಾರುವುದಿಲ್ಲ. ಇನ್ನಾರಕ್ಕೆ ಬರೀ ಬಣ್ಣದ ನೀರು ಹಾಕಿ. ಎರಡನ್ನೂ ಬೆರೆಸಿ ಸ್ಟ್ಯಾಂಡಿನಲ್ಲಿಟ್ಟರೆ ಯಾವುದು ಯಾವುದೆಂದು ಬಾಗಿಸಿಯೇ ಹೇಳಬೇಕಾಗುತ್ತದೆ.

ಎಚ್ಚರಿಕೆ: ಅವಧಿ ಮುಗಿದ ಪ್ರತಿ ವಯಲ್, ಆಂಪೂಲ್ ಮೇಲೂ ಕೆಂಪು ಟೇಪ್ ಸುತ್ತಿ "ತರಬೇತಿಗೆ ಮಾತ್ರ" ಎಂದು ಬರೆಯಿರಿ. ಬೆಳಿಗ್ಗೆ ಎಣಿಸಿ ಕೊಡಿ, ಸಂಜೆ ಖಾಲಿಯನ್ನೂ ಸೇರಿಸಿ ಎಣಿಸಿ ವಾಪಸ್ ಪಡೆಯಿರಿ. ಒಂದು ವಯಲ್ ಕಮ್ಮಿ ಬಂದರೂ ಹುಡುಕದೆ ಹೊರಡಬೇಡಿ. ಅದು ಯಾವುದೋ ಆಸ್ಪತ್ರೆಯ ಫ್ರಿಜ್ ಸೇರಿ, ಒಂದು ದಿನ ರೋಗಿಯ ಮೈಗೆ ಹೋಗಬಹುದು.

ಹಂತ 6: ಬೆಳಗಿನ ಮೊದಲ ಗಂಟೆ

ಉದ್ಘಾಟನೆ ಇರಲೇಬೇಕೆಂದಿದ್ದರೆ ಹತ್ತು ನಿಮಿಷಕ್ಕೆ ಮುಗಿಸಿ. ಆಮೇಲೆ ಒಂದು ಪ್ರಕರಣವನ್ನು ಮುಂದಿಡಿ. ಅದು ಕೇಳುವವರ ಊರಿನದಾಗಿರಲಿ. ಮೂಡಿಗೆರೆಯವರಿಗೆ: "ಲೈನ್‌ಮನೆಯಲ್ಲಿ ನೆಲದ ಮೇಲೆ ಮಲಗಿದ್ದ ಹೆಂಗಸಿಗೆ ಬೆಳಗಿನ ಜಾವ ಹೊಟ್ಟೆನೋವು. ಕಡಿದ ಗುರುತು ಕಾಣುತ್ತಿಲ್ಲ. ಈಗ ಕಣ್ಣು ಪೂರ್ತಿ ಬಿಡಲಾಗುತ್ತಿಲ್ಲ." ಅರಸೀಕೆರೆಯವರಿಗೆ: "ತೆಂಗಿನ ತೋಟದಲ್ಲಿ ಗರಿ ಎತ್ತುವಾಗ ಕೈಗೆ ಕಡಿತ. ಮೊಣಕೈವರೆಗೆ ಊತ, ಒಸಡಿನಲ್ಲಿ ರಕ್ತ. ಮೇಲೆ ಹಗ್ಗ ಬಿಗಿದು ಕಟ್ಟಿದ್ದಾರೆ."

ಇಬ್ಬಿಬ್ಬರು ಸೇರಿ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡುತ್ತೀರಿ ಎಂದು ಬರೆಯಲಿ. ಎಲ್ಲರೂ ಬರೆದ ಮೇಲಷ್ಟೇ ಚರ್ಚೆ. ಇಪ್ಪತ್ತು ವರ್ಷ ಸರ್ವೀಸ್ ಆದವರ ಮುಂದೆ "ಹಾವು ಕಡಿತ ಎಂದರೇನು" ಎಂದು ಶುರು ಮಾಡಿದರೆ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ, ಅದು ನ್ಯಾಯವೂ ಹೌದು. ಅವರ ತಲೆಯಲ್ಲಿರುವ ಹತ್ತಾರು ಪ್ರಕರಣಗಳು ನಿಮ್ಮ ಸ್ಲೈಡಿಗಿಂತ ಬೆಲೆಬಾಳುವಂಥವು. ಅವನ್ನು ಹೊರತೆಗೆಸುವುದೇ ಈ ಗಂಟೆಯ ಕೆಲಸ.

ತಪ್ಪು ನಂಬಿಕೆಗಳೂ ಈಗಲೇ ಹೊರಬರುತ್ತವೆ: ಎಎಸ್‌ವಿಗೆ ಟೆಸ್ಟ್ ಡೋಸ್ ಬೇಕು, ಮಕ್ಕಳಿಗೆ ಎಎಸ್‌ವಿ ಕಮ್ಮಿ ಸಾಕು, ಕಟ್ಟಿದ ಹಗ್ಗವನ್ನು ಬಂದ ಕೂಡಲೇ ಬಿಚ್ಚಬೇಕು. ಟೆಸ್ಟ್ ಡೋಸ್ ಬೇಡ. ಕಡಿದ ಹಾವಿನ ವಿಷ ಮಕ್ಕಳ ಮೈಯಲ್ಲಿ ಕಮ್ಮಿಯಾಗುವುದಿಲ್ಲ, ಹಾಗಾಗಿ ದೊಡ್ಡವರಷ್ಟೇ ವಯಲ್ ಬೇಕು. ಹಗ್ಗವನ್ನು ಒಮ್ಮೆಗೇ ಬಿಚ್ಚಿದರೆ ತಡೆದು ನಿಂತಿದ್ದ ವಿಷ ಏಕಾಏಕಿ ಮೈಗೇರಬಹುದು. ರಕ್ತನಾಳಕ್ಕೆ ಲೈನ್ ಹಾಕಿ, ಎಲ್ಲ ಸಿದ್ಧವಿಟ್ಟುಕೊಂಡು ವೈದ್ಯರ ಸಮ್ಮುಖದಲ್ಲಿ ಬಿಚ್ಚಬೇಕು. ಕಾರಣವನ್ನೂ ಹೇಳಿ, ಕಾರಣ ತಿಳಿಯದೆ ವಯಸ್ಕರು ಹಳೆಯ ಅಭ್ಯಾಸ ಬಿಡುವುದಿಲ್ಲ.

ಹಂತ 7: ಮೇಜಿನ ಮೇಲಿನ ಅಭ್ಯಾಸ

ದಿನದ ತಿರುಳು ಇದೇ. ಪ್ರತಿ ಮೇಜಿನಲ್ಲೂ ನಾಲ್ಕು ಹೆಜ್ಜೆ, ಪೇಟನ್ ವಿಧಾನ ಎಂದು ಬೋಧಕರು ಕರೆಯುವುದು ಇದನ್ನೇ. ಮೊದಲು ತರಬೇತುದಾರ ಮಾತಿಲ್ಲದೆ, ನಿಜವಾದ ವೇಗದಲ್ಲಿ ಮಾಡಿ ತೋರಿಸಬೇಕು. ಎರಡನೆಯದಾಗಿ ನಿಧಾನವಾಗಿ, ಪ್ರತಿ ಕ್ರಿಯೆಗೂ ಕಾರಣ ಹೇಳುತ್ತಾ ಮಾಡಬೇಕು. ಮೂರನೆಯದರಲ್ಲಿ ಕಲಿಯುವವರು ಬಾಯಲ್ಲಿ ಹೇಳಬೇಕು, ತರಬೇತುದಾರ ಅವರು ಹೇಳಿದಷ್ಟನ್ನೇ ಮಾಡಬೇಕು. ಕೊನೆಗೆ ಕಲಿಯುವವರೇ ಹೇಳುತ್ತಾ ಮಾಡಬೇಕು. ಹೊತ್ತಾಯಿತೆಂದು ಎಲ್ಲರೂ ಕತ್ತರಿ ಹಾಕುವುದು ಮೂರನೆಯದಕ್ಕೆ. ಯಾರ ತಲೆಯಲ್ಲಿ ಕ್ರಮ ಕೂತಿಲ್ಲ ಎಂದು ತಿಳಿಯುವುದು ಮಾತ್ರ ಅಲ್ಲೇ.

*ಟ್ಯೂಬಿನ ಮೇಜು.* ರಕ್ತ ಗಾಜಿನ ಮೇಲ್ಮೈಗೆ ತಾಗಿದಾಗ ಹೆಪ್ಪುಗಟ್ಟುವ ಕ್ರಿಯೆ ಶುರುವಾಗುತ್ತದೆ, ಈ ಪರೀಕ್ಷೆ ನಿಂತಿರುವುದೇ ಅದರ ಮೇಲೆ. ಪ್ಲಾಸ್ಟಿಕ್ಕಿನಲ್ಲಾಗಲಿ, ಸೋಪುಪುಡಿಯಲ್ಲಿ ತೊಳೆದ ಗಾಜಿನಲ್ಲಾಗಲಿ ಆ ಕ್ರಿಯೆ ಸರಿಯಾಗಿ ಆಗುವುದಿಲ್ಲ. ಆಗ ವಿಷವೇರದವರ ರಕ್ತವೂ ನೀರಾಗಿಯೇ ಕಂಡು, ಬೇಡದವರಿಗೆ ಎಎಸ್‌ವಿ ಹೋಗುತ್ತದೆ. ಟ್ಯೂಬಿನ ಮೇಲೆ ಅನುಮಾನ ಬಂದರೆ ಆರೋಗ್ಯವಂತರೊಬ್ಬರ ರಕ್ತವನ್ನು ಅಂಥದ್ದೇ ಟ್ಯೂಬಿಗೆ ಹಾಕಿ ನೋಡಬೇಕು. ಇಲ್ಲಿ ಒಂದು ಟ್ಯೂಬನ್ನು ನಿಜವಾಗಿಯೂ ಪೂರ್ತಿ 20 ನಿಮಿಷ ಕಾಯಿಸಿ. ಎಷ್ಟು ದೀರ್ಘ ಅನಿಸುತ್ತದೆ ಎಂಬುದು ಮೈಗೆ ಗೊತ್ತಾಗಬೇಕು. ಆ ಹೊತ್ತಿನಲ್ಲಿ ಬಿಪಿ, ಉಸಿರು, ರೆಪ್ಪೆ ನೋಡುವುದು, ಲೈನ್ ಹಾಕುವುದು, ಬಳೆ ಉಂಗುರ ತೆಗೆಸುವುದು, 108ಕ್ಕೆ ಹೇಳುವುದು, ಇವೆಲ್ಲವನ್ನೂ ಜೋಡಿಸಿ ಹೇಳಿಸಿ. ಸುಮ್ಮನೆ ಕೂತವರೇ ಟ್ಯೂಬ್ ಎತ್ತಿ ನೋಡುವುದು.

*ಎಎಸ್‌ವಿ ಮೇಜು.* ಇಲ್ಲಿನ ಕಟ್ಟುನಿಟ್ಟು ಒಂದೇ: ಅಡ್ರಿನಲಿನ್ ಸಿರಿಂಜಿಗೆ ಬರುವವರೆಗೆ ಎಎಸ್‌ವಿ ವಯಲ್ ಮುಟ್ಟುವಂತಿಲ್ಲ. 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪೂಲಿನಿಂದ ದೊಡ್ಡವರಿಗೆ 0.5 ಮಿ.ಲೀ., ತೊಡೆಯ ಹೊರಭಾಗದ ಸ್ನಾಯುವಿಗೆ. ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಗ್ರಾಂ, ಅಂದರೆ 15 ಕೆ.ಜಿ. ಮಗುವಿಗೆ 0.15 ಮಿ.ಲೀ. ಇದನ್ನು ಬಾಯಲ್ಲಿ ಹೇಳಿಸಿದರೆ ಸಾಲದು, ಎಳೆದು ತೋರಿಸಬೇಕು. ಇನ್ಸುಲಿನ್ ಸಿರಿಂಜಿನಲ್ಲಿ ಎಳೆಯಲು ಹೋಗಿ ಯೂನಿಟ್ ಗೆರೆಯನ್ನು ಮಿ.ಲೀ. ಎಂದು ಓದುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಅದಕ್ಕೇ ಟ್ರೇಯಲ್ಲಿ 1 ಮಿ.ಲೀ. ಸಿರಿಂಜೇ ಇರಬೇಕು.

ವಯಲಿಗೆ 10 ಮಿ.ಲೀ. ನೀರು ಹಾಕಿ ಅಂಗೈಗಳ ನಡುವೆ ಹೊರಳಿಸಬೇಕು. ಕುಲುಕಿದರೆ ನೊರೆ ತುಂಬಿ ಔಷಧ ಎಳೆಯಲು ಬರುವುದಿಲ್ಲ. ಅಭ್ಯಾಸಕ್ಕೆ ಜೋಡಿಗೆ ಎರಡು ವಯಲ್ ಕೊಟ್ಟು ಸಮಯ ನೋಡಿಕೊಳ್ಳಲು ಹೇಳಿ, ಆಮೇಲೆ ಐದರಿಂದ ಗುಣಿಸಲಿ. ಮೊದಲ ಡೋಸ್ 10 ವಯಲ್. ಒಬ್ಬರೇ ಕರಗಿಸಿದರೆ ಎಷ್ಟು ಹೊತ್ತಾಗುತ್ತದೆ ಎಂದು ಅವರೇ ಲೆಕ್ಕ ಹಾಕಿದಾಗ, ಎರಡನೇ ಜೋಡಿ ಕೈ ಯಾಕೆ ಬೇಕೆಂದು ನೀವು ಹೇಳಬೇಕಾಗುವುದಿಲ್ಲ.

*ಅಂಬು ಬ್ಯಾಗ್ ಮೇಜು.* ಗಲ್ಲ ಎತ್ತಿ ಮಾಸ್ಕ್ ಬಿಗಿಯಾಗಿ ಕೂರಿಸಿ, ಎದೆ ಏಳುವಷ್ಟೇ ಒತ್ತಬೇಕು. ದೊಡ್ಡವರಿಗೆ ಐದಾರು ಸೆಕೆಂಡಿಗೊಮ್ಮೆ. ಗಾಬರಿಯಲ್ಲಿ ಎಲ್ಲರೂ ಬೇಗ ಬೇಗ ಒತ್ತುತ್ತಾರೆ, ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಜೋರಾಗಿ ಎಣಿಸುತ್ತಾ ಎರಡು ನಿಮಿಷ ಒತ್ತಿಸಿ, ಆಗ ಕೈ ನೋಯುವುದೂ ತಿಳಿಯುತ್ತದೆ.

ತಿದ್ದುವ ರೀತಿಯೂ ಮುಖ್ಯ. ಮೊದಲು ಸರಿ ಮಾಡಿದ್ದರಲ್ಲಿ ಒಂದನ್ನು ಹೆಸರಿಸಿ: "ಸಿಸ್ಟರ್, ಸಮಯ ಬರೆದದ್ದು ಚೆನ್ನಾಗಿತ್ತು." ಆಮೇಲೆ ಒಂದೇ ಒಂದು ತಪ್ಪು, ಕೂಡಲೇ ಅದನ್ನು ಮತ್ತೆ ಮಾಡಿಸಿ. ನಾಲ್ಕು ತಪ್ಪನ್ನು ಒಟ್ಟಿಗೆ ಹೇಳಿದರೆ ಒಂದೂ ನಿಲ್ಲುವುದಿಲ್ಲ. ಹಿರಿಯರನ್ನು ಕಿರಿಯರ ಮುಂದೆ ಎಂದೂ ಎತ್ತಿ ಆಡಬೇಡಿ. ಅವರಿಗೆ ಚೆಕ್‌ಲಿಸ್ಟ್ ಹಿಡಿದು ನೋಡುವ ಕೆಲಸ ಮೊದಲು ಕೊಡಿ. ಇನ್ನೊಬ್ಬರನ್ನು ಎರಡು ಸಲ ನೋಡಿದ ಮೇಲೆ ಅವರ ಕೈ ತಾನಾಗಿಯೇ ಸರಿಹೋಗುತ್ತದೆ.

ಕೆಡುತ್ತಿದೆ ಎನ್ನಲು ಗುರುತುಗಳು: ಅದೇ ಇಬ್ಬರು ಎಲ್ಲ ಪ್ರಶ್ನೆಗೂ ಉತ್ತರಿಸುವುದು, ತರಬೇತುದಾರರು ಆ ಕಡೆ ತಿರುಗಿದ ಕೂಡಲೇ ಸಾಮಾನು ಕೆಳಗಿಡುವುದು, ಆರೂ ಚೆಕ್‌ಲಿಸ್ಟ್‌ಗಳಲ್ಲಿ ಒಂದೇ ಕೈಯ ಟಿಕ್ ಮೇಲಿಂದ ಕೆಳಗೆ ಸಾಲಾಗಿ ಇರುವುದು.

ಹಂತ 8: ಮಧ್ಯಾಹ್ನದ ಡ್ರಿಲ್

ಊಟದ ನಂತರ ಸ್ಲೈಡ್ ಬೇಡವೇ ಬೇಡ. ಹಾಲಿನ ಒಂದು ಮೂಲೆಯನ್ನು ಪಿಎಚ್‌ಸಿ ಮಾಡಿ, ಒಬ್ಬ ನರ್ಸ್, ಒಬ್ಬ ಡಿ ಗ್ರೂಪ್ ಸಿಬ್ಬಂದಿಯನ್ನು ನಿಲ್ಲಿಸಿ. ವೈದ್ಯಾಧಿಕಾರಿ ಫೋನಿನ ಆ ಕಡೆ ಇರಲಿ: "ನಾನು ಬರಲು ಇನ್ನೂ ಹದಿನೈದು ನಿಮಿಷ." ವೈದ್ಯರು ಮೊದಲಿನಿಂದ ಪಕ್ಕದಲ್ಲೇ ನಿಂತರೆ ನರ್ಸ್‌ಗಳು ಅವರ ಮುಖ ನೋಡುತ್ತಾ ಕಾಯುತ್ತಾರೆ, ಕಲಿಯಬೇಕಾದದ್ದೇ ತಪ್ಪಿಹೋಗುತ್ತದೆ.

ಹನ್ನೆರಡು ನಿಮಿಷ ಡ್ರಿಲ್, ಹದಿನೈದು ನಿಮಿಷ ಮಾತು. ನಡುವೆ ನಿಲ್ಲಿಸಬೇಡಿ. 20 ನಿಮಿಷದ ಟ್ಯೂಬನ್ನು ಮಾತ್ರ "ಸಮಯ ಆಯಿತು" ಎಂದು ಹೇಳಿ ಮುಂದಕ್ಕೆ ಸಾಗಿಸಿ. ಒಂದು ಸುತ್ತಿನಲ್ಲಿ ಎಎಸ್‌ವಿ ಶುರುವಾದ ಮೇಲೆ ರೋಗಿಗೆ ತುರಿಕೆ, ನಡುಕ, ವಾಂತಿ ಬರಲಿ. ಎಎಸ್‌ವಿ ನಿಲ್ಲಿಸಿ ಅಡ್ರಿನಲಿನ್ ಕೊಡುವವರೆಗಿನ ಸೆಕೆಂಡ್ ಎಣಿಸಿ. ಇನ್ನೊಂದರಲ್ಲಿ ಟ್ಯೂಬಿನ ರಕ್ತ ಹೆಪ್ಪುಗಟ್ಟಲಿ, ಆದರೆ ರೆಪ್ಪೆ ಇಳಿಯುತ್ತಿರಲಿ (ನರಕ್ಕೆ ವಿಷವೇರಿದ ಗುರುತು). ರಕ್ತ ಸರಿಯಿದೆ ಎಂದು ಎಎಸ್‌ವಿ ತಡೆಹಿಡಿದರೆ, ಚರ್ಚೆಯಲ್ಲಿ ಮೊದಲು ಬರಬೇಕಾದದ್ದು ಅದೇ.

ಕೊನೆಯಲ್ಲಿ ರೆಫರ್ ಚೀಟಿಯನ್ನು ನಿಜವಾಗಿಯೂ ಬರೆಸಿ: ಕಡಿದ ಸಮಯ, ಬಂದ ಸಮಯ, ಟ್ಯೂಬಿನ ಫಲಿತಾಂಶ, ಕೊಟ್ಟ ವಯಲ್, ರಿಯಾಕ್ಷನ್. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಆ ನಮೂದನ್ನೂ ಡ್ರಿಲ್‌ನ ಭಾಗ ಮಾಡಿ.

ಹಂತ 9: ಕಲಿತರೇ ಎಂದು ನೋಡುವುದು

ಬೆಳಿಗ್ಗೆ ಕೊಟ್ಟ ಪ್ರಶ್ನೆಪತ್ರಿಕೆಯನ್ನೇ ಸಂಜೆ ಕೊಟ್ಟರೆ ಎಲ್ಲರಿಗೂ ಅಂಕ ಏರುತ್ತದೆ. ಅದರಿಂದ ತಿಳಿಯುವುದು ನೆನಪು ಎಷ್ಟಿದೆ ಎಂಬುದಷ್ಟೇ. ಐದು ಪ್ರಕರಣದ ಪ್ರಶ್ನೆ ಸಾಕು, ಉಳಿದದ್ದಕ್ಕೆ ಚೆಕ್‌ಲಿಸ್ಟೇ ಪರೀಕ್ಷೆ. ಕೆಲವು ಸಾಲುಗಳಿಗೆ ನಕ್ಷತ್ರ ಹಾಕಿಡಿ: ಗಾಜಿನ ಟ್ಯೂಬ್, ಪೂರ್ತಿ 20 ನಿಮಿಷ, ಅಡ್ರಿನಲಿನ್ ಮೊದಲು, ಅದರ ಡೋಸ್. ಇವುಗಳಲ್ಲಿ ಒಂದು ತಪ್ಪಿದರೂ ಮಿಕ್ಕದ್ದೆಲ್ಲ ಸರಿಯಿದ್ದರೂ ಮತ್ತೆ ಮಾಡಿಸಬೇಕು. ಅದಕ್ಕೆಂದೇ 3.15ರಿಂದ 3.45 ಖಾಲಿ ಇಟ್ಟುಕೊಂಡಿರಿ. ಫೇಲ್ ಎಂಬ ಮಾತು ಬೇಡ, "ಇನ್ನೊಂದು ಸಲ ಮಾಡೋಣ" ಎಂದರೆ ಸಾಕು.

ಹಂತ 10: ಆಸ್ಪತ್ರೆಗೆ ಮರಳಿದ ಮೇಲೆ

ಕೈಯ ಅಭ್ಯಾಸ ಬಳಸದಿದ್ದರೆ ಮೂರರಿಂದ ಆರು ತಿಂಗಳಲ್ಲಿ ಮಂಕಾಗುತ್ತದೆ. ಮೇ ತಿಂಗಳಲ್ಲಿ ಕಲಿತದ್ದು ಸೆಪ್ಟೆಂಬರ್‌ವರೆಗೆ ಉಳಿಯಬೇಕಾದರೆ ನಡುವೆ ತಟ್ಟಿ ಎಬ್ಬಿಸಬೇಕು. ಹೊರಡುವಾಗ ಪ್ರತಿ ಪಿಎಚ್‌ಸಿಗೂ ಒಂದು ಡಬ್ಬ ಕೊಡಿ: ನಾಲ್ಕು ಗಾಜಿನ ಟ್ಯೂಬ್, ಮಾರ್ಕರ್, ಎರಡು 1 ಮಿ.ಲೀ. ಸಿರಿಂಜು, ಲ್ಯಾಮಿನೇಟ್ ಮಾಡಿದ ಎ4 ಅಳತೆಯ ಚೆಕ್‌ಲಿಸ್ಟ್. ಹಾಳೆಯನ್ನು ತುರ್ತು ಟ್ರೇಯ ಮೇಲಿನ ಗೋಡೆಗೆ ಅಂಟಿಸಬೇಕು, ಕಚೇರಿ ಕೋಣೆಗಲ್ಲ.

ಎರಡು ವಾರಕ್ಕೆ ಫೋನ್ ಮಾಡಿ, ಗೋಡೆಯ ಫೋಟೊ ಮತ್ತು ಟ್ರೇಯ ಫೋಟೊ ಕೇಳಿ. ಜುಲೈನಲ್ಲಿ ಒಮ್ಮೆ ಹೋಗಿ, ಪಾಳಿ ಬದಲಾಗುವ ಹೊತ್ತಿಗೆ ಹತ್ತು ನಿಮಿಷದ ಡ್ರಿಲ್ ಮಾಡಿಸಿ, ಹೊರಹೋಗುವವರೂ ಒಳಬರುವವರೂ ಇಬ್ಬರೂ ಸಿಗುತ್ತಾರೆ. ನಿಜವಾದ ಪ್ರಕರಣ ಬಂದ ಕಡೆ ಕೇಸ್ ಶೀಟಿನ ಮೂರು ಸಮಯಗಳನ್ನು ಮತ್ತೆ ಬರೆದುಕೊಂಡು ಮೊದಲ ಹಂತದ ಪಟ್ಟಿಯ ಪಕ್ಕದಲ್ಲಿಡಿ.

ವರ್ಗಾವಣೆಯಾಗಿ ಹೊಸಬರು ಬಂದರೆ ಮುಂದಿನ ವರ್ಷದ ತರಬೇತಿಗೆ ಕಾಯಿಸಬೇಡಿ. ಆ ಆಸ್ಪತ್ರೆಯಲ್ಲಿ ಕಲಿತ ನರ್ಸೇ ಅದೇ ಡಬ್ಬ, ಅದೇ ಚೆಕ್‌ಲಿಸ್ಟ್ ಇಟ್ಟುಕೊಂಡು ಒಂದು ಮಧ್ಯಾಹ್ನ ಕಲಿಸಲಿ, ಟಿಕ್ ಮಾಡಿದ ಹಾಳೆಯ ಫೋಟೊ ನಿಮಗೆ ಕಳಿಸಲಿ. ಒಡೆದ ಟ್ಯೂಬಿಗೆ ಬದಲಿ ಕಳಿಸುವುದನ್ನು ಮಾತ್ರ ನೀವು ಮರೆಯಬೇಡಿ.